ಕಂಪ್ಯೂಟರಿನ ವೇಗ ಮತ್ತು ಅದರ ಬಿಸಿ



ಮನೆಯಲ್ಲಿರುವ ಕಂಪ್ಯೂಟರ್ ಇನ್ನೂ ಸ್ವಲ್ಪ ವೇಗವಾಗಿ ಕೆಲಸ ಮಾಡಬಾರದೇ ಎಂಬ ಆಸೆ ನಿಮ್ಮಲ್ಲಿ ಹಲವರಿಗೆ ಇರುವುದು ಸಹಜ. ಹೊಸ ಪ್ರೊಸೆಸರ್ ಕೊಳ್ಳುವ ಬದಲು, ಇರುವ ಪ್ರೊಸೆಸರನ್ನೇ ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಉಪಾಯವೊಂದಿದೆ. ಅದಕ್ಕೆ ‘ಓವರ್‌ಕ್ಲಾಕಿಂಗ್’ ಎಂದು ಹೆಸರು. ಈ ಸಾಹಸಕ್ಕೆ ಹೊರಟವರು ಮೊದಲು ಕೇಳುವ ಪ್ರಶ್ನೆ, “ಪ್ರೊಸೆಸರ್ ಎಷ್ಟು ಡಿಗ್ರಿಯವರೆಗೆ ಬಿಸಿಯಾಗಬಹುದು?” ಎಂಬುದು. ಈ ಪ್ರಶ್ನೆಗೆ ಒಂದೇ ಸಂಖ್ಯೆಯಲ್ಲಿ ಉತ್ತರ ಹೇಳಲು ಬರುವುದಿಲ್ಲ. ಏಕೆಂಬುದನ್ನು ಈಗ ವಿಚಾರ ಮಾಡೋಣ.

ಪ್ರೊಸೆಸರಿನೊಳಗೆ ಕೋಟ್ಯಂತರ ಟ್ರಾನ್ಸಿಸ್ಟರುಗಳಿವೆ. ಅವೆಲ್ಲ ಒಂದು ಗಡಿಯಾರದ ಮಿಡಿತಕ್ಕೆ ಹೊಂದಿಕೊಂಡು ಕೆಲಸ ಮಾಡುತ್ತವೆ. 5 ಗಿಗಾಹರ್ಟ್ಸ್ ವೇಗವೆಂದರೆ ಸೆಕೆಂಡಿಗೆ 500 ಕೋಟಿ ಮಿಡಿತಗಳು. ಪ್ರತಿ ಮಿಡಿತದಲ್ಲೂ ವಿದ್ಯುದಾವೇಶ ತುಂಬುತ್ತದೆ, ಖಾಲಿಯಾಗುತ್ತದೆ. ಆ ಶಕ್ತಿಯೆಲ್ಲ ಕೊನೆಗೆ ಬಿಸಿಯಾಗಿ ಮಾರ್ಪಡುತ್ತದೆ.

1998ರಲ್ಲಿ ಇಂಟೆಲ್ ಸಂಸ್ಥೆ ‘ಸೆಲೆರಾನ್ 300ಎ’ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದಿತು. ಅದರ ವೇಗ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ ಗಡಿಯಾರವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಅದೇ ಪ್ರೊಸೆಸರ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ತಯಾರಕರು ಸುರಕ್ಷತೆಗೆಂದು ಬಿಟ್ಟಿದ್ದ ಅಂತರ ಆಗ ಅಷ್ಟೊಂದಿತ್ತು. ಇಂದಿನ ಪ್ರೊಸೆಸರುಗಳು ಅಗತ್ಯ ಬಿದ್ದಾಗ ತಾವಾಗಿಯೇ ವೇಗ ಹೆಚ್ಚಿಸಿಕೊಂಡು ಮಿತಿಯ ಸಮೀಪಕ್ಕೆ ಹೋಗುತ್ತವೆ. ಹೀಗಾಗಿ ನಮಗೆ ಉಳಿಯುವ ಅಂತರ ಬಹಳ ಕಡಿಮೆ.

ವೇಗ ಹೆಚ್ಚಿಸಿದಾಗ ಎರಡು ಮಿಡಿತಗಳ ನಡುವಿನ ಕಾಲ ಕಡಿಮೆಯಾಗುತ್ತದೆ. ಆ ಅಲ್ಪ ಕಾಲದಲ್ಲಿ ಟ್ರಾನ್ಸಿಸ್ಟರುಗಳು ಕೆಲಸ ಮುಗಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ತೊಂದರೆ ಆರಂಭವಾಗುವುದು ಇಲ್ಲಿಯೇ. ಹುಟ್ಟುವ ಬಿಸಿ ವೇಗಕ್ಕೆ ಅನುಗುಣವಾಗಿ ಏರಿದರೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗ ಶೇಕಡಾ 10, ವೋಲ್ಟೇಜ್ ಶೇಕಡಾ 10 ಹೆಚ್ಚಾದರೆ ಬಿಸಿ 1.1 × 1.1 × 1.1, ಅಂದರೆ ಸುಮಾರು 1.33 ಪಟ್ಟು. ಹತ್ತು ಪಾಲು ವೇಗಕ್ಕೆ ಮೂವತ್ತಮೂರು ಪಾಲು ಬಿಸಿ! ಮೊದಲು 120 ವ್ಯಾಟ್ ಹೊರಸೂಸುತ್ತಿದ್ದ ಪ್ರೊಸೆಸರ್ ಈಗ 160 ವ್ಯಾಟ್ ಹೊರಸೂಸುತ್ತದೆ.

ಇನ್ನು ಉಷ್ಣಾಂಶದ ಲೆಕ್ಕಕ್ಕೆ ಬರೋಣ. ಪ್ರೊಸೆಸರಿನ ಬಿಸಿ ಅದರ ಮೇಲಿನ ಲೋಹದ ಕೂಲರಿಗೆ ಹರಿದು, ಅಲ್ಲಿಂದ ಗಾಳಿಗೆ ಸೇರಬೇಕು. ಈ ಹಾದಿಯಲ್ಲಿ ಪ್ರತಿ ವ್ಯಾಟಿಗೆ 0.4 ಡಿಗ್ರಿಯಷ್ಟು ಉಷ್ಣಾಂಶ ಏರುತ್ತದೆಂದು ಇಟ್ಟುಕೊಳ್ಳಿ. 120 ವ್ಯಾಟಿಗೆ ಪ್ರೊಸೆಸರ್ ಸುತ್ತಲಿನ ಗಾಳಿಗಿಂತ 48 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. 160 ವ್ಯಾಟಿಗೆ 64 ಡಿಗ್ರಿ ಹೆಚ್ಚು. ಬೆಂಗಳೂರಿನಲ್ಲಿ ಕೋಣೆಯ ಉಷ್ಣಾಂಶ 25 ಡಿಗ್ರಿ ಇದ್ದಾಗ ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್ 89 ಡಿಗ್ರಿಯಲ್ಲಿ ನಿಲ್ಲುತ್ತದೆ. ಅದೇ ಕಂಪ್ಯೂಟರನ್ನು ಮೇ ತಿಂಗಳಿನಲ್ಲಿ ರಾಯಚೂರಿಗೋ ಕಲಬುರಗಿಗೋ ಒಯ್ದು, 40 ಡಿಗ್ರಿಯ ಕೋಣೆಯಲ್ಲಿಟ್ಟರೆ ಲೆಕ್ಕ 104 ಡಿಗ್ರಿಗೆ ಬರುತ್ತದೆ! ಆದ್ದರಿಂದ ಬೇರೆ ಊರಿನವರೊಬ್ಬರು ತಂಪು ಕೋಣೆಯಲ್ಲಿ ಕುಳಿತು ತೋರಿಸಿದ ಅಂಕಿಯನ್ನು ನಮ್ಮ ಮನೆಗೆ ಹಾಗೆಯೇ ಅನ್ವಯಿಸಬಾರದು. ನಾವು ಗಮನಿಸಬೇಕಾದದ್ದು ಕೋಣೆಗೂ ಪ್ರೊಸೆಸರಿಗೂ ಇರುವ ಅಂತರವನ್ನು.

ಗರಿಷ್ಠ ಮಿತಿ ಪ್ರತಿ ಮಾದರಿಗೂ ಬೇರೆ. ಇಂಟೆಲ್‌ನ ಕೋರ್ ಐ9-13900ಕೆಗೆ 100 ಡಿಗ್ರಿ ಸೆಲ್ಸಿಯಸ್; ಎಎಂಡಿಯ ರೈಜನ್ 7 7700ಎಕ್ಸ್‌ಗೆ 95; ರೈಜನ್ 7 7800ಎಕ್ಸ್3ಡಿಗೆ 89. ನಿಮ್ಮ ಮಾದರಿಯ ಮಿತಿಯನ್ನು ತಯಾರಕರ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ. ದೀರ್ಘಕಾಲ ಪೂರ್ಣ ಹೊರೆ ಹೊತ್ತಾಗಲೂ ಆ ಮಿತಿಗಿಂತ 10ರಿಂದ 15 ಡಿಗ್ರಿ ಕೆಳಗಿರುವಂತೆ ನೋಡಿಕೊಳ್ಳುವುದು ಓವರ್‌ಕ್ಲಾಕ್ ಮಾಡುವವರಿಗೆ ಒಳ್ಳೆಯ ನಿಯಮ.

ಮಿತಿ ಮುಟ್ಟಿದರೆ ಏನಾಗುತ್ತದೆ? ಇಂದಿನ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಆದರೂ ಬಿಸಿ ಏರಿದರೆ ಕಂಪ್ಯೂಟರನ್ನೇ ನಿಲ್ಲಿಸಿಬಿಡುತ್ತದೆ. ಹಿಂದೆ ಎಲ್ಲ ಪ್ರೊಸೆಸರುಗಳಿಗೂ ಈ ರಕ್ಷಣೆ ಇರಲಿಲ್ಲ. 2001ರಲ್ಲಿ ‘ಟಾಮ್ಸ್ ಹಾರ್ಡ್‌ವೇರ್’ ಎಂಬ ಪ್ರಕಟಣೆಯವರು, ಓಡುತ್ತಿದ್ದ ಪ್ರೊಸೆಸರುಗಳ ಕೂಲರನ್ನೇ ತೆಗೆದು ಪರೀಕ್ಷಿಸಿದರು. ಪೆಂಟಿಯಂ 4 ವೇಗ ತಗ್ಗಿಸಿಕೊಂಡು ಉಳಿಯಿತು. ಎಎಂಡಿಯ ಅಥ್ಲಾನ್ ಸುಟ್ಟುಹೋಯಿತು. ಈಗ ಅಷ್ಟು ಭಯವಿಲ್ಲ. ಆದರೆ ವೇಗಕ್ಕಾಗಿ ಹೊರಟವರ ಯಂತ್ರ ಬಿಸಿಯಿಂದ ವೇಗ ತಗ್ಗಿಸಿಕೊಂಡರೆ, ಮಾಡಿದ ಸಾಹಸ ನೀರಿನಲ್ಲಿ ಹೋಮ ಮಾಡಿದಂತೆಯೇ ಅಲ್ಲವೇ?

ಇಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ. ಬಿಸಿಯಿಂದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಬಲ್ಲದು. ನಾವೇ ಕೈಯಾರೆ ಏರಿಸಿದ ವೋಲ್ಟೇಜಿನಿಂದ ಅಷ್ಟು ಸುಲಭವಾಗಿ ಕಾಪಾಡಿಕೊಳ್ಳಲಾರದು. ಹೆಚ್ಚಿನ ವೋಲ್ಟೇಜ್ ಟ್ರಾನ್ಸಿಸ್ಟರಿನ ತೆಳುವಾದ ನಿರೋಧಕ ಪದರವನ್ನು ಸವೆಸುತ್ತದೆ. ಹೆಚ್ಚಿನ ವಿದ್ಯುತ್ ಪ್ರವಾಹ ಒಳಗಿನ ಸೂಕ್ಷ್ಮ ತಂತಿಗಳ ಲೋಹದ ಪರಮಾಣುಗಳನ್ನೇ ನಿಧಾನವಾಗಿ ಸ್ಥಳಾಂತರಿಸುತ್ತದೆ. ಬಿಸಿ ಇದ್ದಷ್ಟೂ ಈ ಎರಡು ಕ್ರಿಯೆಗಳೂ ಚುರುಕಾಗುತ್ತವೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರವಾದುದಕ್ಕೆ ಅತಿಯಾದ ವೋಲ್ಟೇಜೇ ಕಾರಣವೆಂದು ಸಂಸ್ಥೆ ತಿಳಿಸಿತು. ಪರಿಹಾರದ ತಂತ್ರಾಂಶವನ್ನು ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಆಗಲೇ ಸವೆದಿದ್ದ ಪ್ರೊಸೆಸರನ್ನು ಆ ತಂತ್ರಾಂಶ ಸರಿಪಡಿಸಲಾರದು. ಉಷ್ಣಮಾಪಕ 75 ಡಿಗ್ರಿ ತೋರಿಸುತ್ತಿದೆಯೆಂದು ವೋಲ್ಟೇಜನ್ನು ಮನಸ್ಸಿಗೆ ಬಂದಂತೆ ಏರಿಸುವುದು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟ.

ತಂಪುಗೊಳಿಸುವ ವಿಧಾನಗಳನ್ನು ನೋಡೋಣ. ಗಾಳಿಗಿಂತ ತಾಮ್ರ ಸುಮಾರು 15 ಸಾವಿರ ಪಟ್ಟು ಉತ್ತಮ ಉಷ್ಣವಾಹಕ. ಪ್ರೊಸೆಸರ್ ಮತ್ತು ಕೂಲರಿನ ನಡುವೆ ಕಣ್ಣಿಗೆ ಕಾಣದ ಗಾಳಿಯ ಸಂದುಗಳಿದ್ದರೂ ಬಿಸಿ ಹರಿಯುವುದು ಕಷ್ಟವಾಗುತ್ತದೆ. ಆ ಸಂದುಗಳನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಎಂಬ ಲೇಪವನ್ನು ತೆಳುವಾಗಿ ಹಚ್ಚುವುದು. ದಪ್ಪವಾಗಿ ಮೆತ್ತಿದರೆ ಅದೇ ಅಡ್ಡಿಯಾಗುತ್ತದೆ. ಕೂಲರಿನಲ್ಲಿ ಕಾಣುವ ತಾಮ್ರದ ಕೊಳವೆಗಳು ಗಟ್ಟಿಯಲ್ಲ, ಟೊಳ್ಳು. ಒಳಗಿರುವ ಸ್ವಲ್ಪ ದ್ರವ ಬಿಸಿಯ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿಗಟ್ಟುವುದನ್ನು ನೋಡಿದವರಿಗೆ ಇದು ಹೊಸತಲ್ಲ.

“ನೀರಿನ ಕೂಲರ್ ಹಾಕಿದರೆ ಮಡಕೆಯ ನೀರಿನಂತೆ ತಂಪಾಗುವುದಿಲ್ಲವೇ?” ಎಂದು ನೀವು ಕೇಳಬಹುದು. ಇಲ್ಲ. ಮಡಕೆಯ ನೀರು ಹೊರಗೆ ಜಿನುಗಿ ಆವಿಯಾಗುವುದರಿಂದ ಕೋಣೆಗಿಂತ ತಂಪಾಗುತ್ತದೆ. ಕಂಪ್ಯೂಟರಿನ ನೀರು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಾ ಬಿಸಿಯನ್ನು ರೇಡಿಯೇಟರಿಗೆ ಸಾಗಿಸುತ್ತದೆ, ಅಷ್ಟೆ. ಫ್ಯಾನ್ ಆಗಲಿ, ಈ ನೀರಾಗಲಿ ಪ್ರೊಸೆಸರನ್ನು ಕೋಣೆಗಿಂತ ತಂಪು ಮಾಡಲಾರವು. ಬೇರೆ ಉಪಾಯಗಳಿಂದ ಹಾಗೆ ಮಾಡಹೊರಟರೆ ಹನಿಗಟ್ಟುವ ಅಪಾಯವುಂಟು. ಕರಾವಳಿಯಲ್ಲಿ 32 ಡಿಗ್ರಿ ಉಷ್ಣಾಂಶ, ಶೇಕಡಾ 75 ಆರ್ದ್ರತೆ ಇರುವ ದಿನ 27 ಡಿಗ್ರಿಗಿಂತ ತಣ್ಣಗಿರುವ ಲೋಹದ ಮೇಲೆ ನೀರು ಹನಿಗಟ್ಟುತ್ತದೆ. ವಿದ್ಯುತ್ತಿನ ಪಕ್ಕದಲ್ಲಿ ನೀರು ಬೇಡವಷ್ಟೆ!

ದುಬಾರಿ ಕೂಲರಿಗಿಂತ ಮೊದಲು ಖರ್ಚಿಲ್ಲದ ಕೆಲಸಗಳನ್ನು ಮಾಡಿ. ಕಂಪ್ಯೂಟರ್ ಮೇಜಿನ ಮುಚ್ಚಿದ ಗೂಡಿನಲ್ಲಿ ಕ್ಯಾಬಿನೆಟ್ಟನ್ನು ತುರುಕಿದರೆ ಅದು ಹೊರಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅದನ್ನು ಹೊರಗಿಡಿ. ಪ್ಲಗ್ ಕಿತ್ತು, ಕೂಲರಿನ ರೆಕ್ಕೆಗಳ ನಡುವಿನ ಧೂಳು ತೆಗೆಯಿರಿ.

ಅನಂತರವೂ ವೇಗ ಹೆಚ್ಚಿಸಲೇಬೇಕೆಂದಿದ್ದರೆ ಮೂರು ಮಾತು ನೆನಪಿಡಿ. ಒಂದು, ನಿಮ್ಮ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಅದಕ್ಕೆ ಅವಕಾಶ ಕೊಡುತ್ತವೆಯೇ, ವಾರಂಟಿಗೆ ಧಕ್ಕೆಯಿದೆಯೇ ಎಂದು ತಿಳಿದು, ಮನೆಯ ಹಿರಿಯರ ಒಪ್ಪಿಗೆ ಪಡೆಯಿರಿ; ಮುಖ್ಯ ಕಡತಗಳ ಪ್ರತಿ ಬೇರೆಡೆ ಇರಲಿ. ಎರಡು, ಒಮ್ಮೆಗೆ ಒಂದೇ ಬದಲಾವಣೆ, ಅದೂ ಚಿಕ್ಕದು. ಮೂರು, ಪ್ರತಿ ಹೆಜ್ಜೆಯಲ್ಲೂ ಪೂರ್ಣ ಹೊರೆ ಹೊರಿಸಿ ಪರೀಕ್ಷಿಸಿ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ‘ಪ್ರೈಮ್95’ ಎಂಬ ತಂತ್ರಾಂಶ ಈ ಕೆಲಸಕ್ಕೆ ಬಳಕೆಯಾಗುತ್ತದೆ. ಅದು ಪ್ರೊಸೆಸರನ್ನು ದುಡಿಸುವುದಲ್ಲದೆ, ಬಂದ ಉತ್ತರ ಸರಿಯೇ ಎಂದೂ ತಾಳೆ ನೋಡುತ್ತದೆ.

ಈ ತಾಳೆ ನೋಡುವುದೇ ಮುಖ್ಯ. ಅತಿಯಾಗಿ ಓಡಿಸಿದ ಪ್ರೊಸೆಸರ್ ಯಾವಾಗಲೂ ನಿಂತುಹೋಗಿ ತನ್ನ ಕಷ್ಟವನ್ನು ಹೇಳಿಕೊಳ್ಳುವುದಿಲ್ಲ. ಕೆಲವೊಮ್ಮೆ ಸದ್ದಿಲ್ಲದೆ ತಪ್ಪು ಲೆಕ್ಕ ಮಾಡಿ, ಆ ತಪ್ಪನ್ನೇ ನಿಮ್ಮ ಕಡತದಲ್ಲಿ ಬರೆದಿಡುತ್ತದೆ. ಸರಿಯಾದ ಉತ್ತರಕ್ಕೆಂದೇ ಮನುಷ್ಯ ಮಾಡಿಕೊಂಡ ಯಂತ್ರ ಬೇಗನೆ ತಪ್ಪು ಉತ್ತರ ಕೊಟ್ಟರೆ ಏನು ಬಂತು? ನಿಮ್ಮ ಯಂತ್ರದ ಮಿತಿಯನ್ನು ಅಳೆದು ತಿಳಿಯಿರಿ. ಅಳೆದ ಮೇಲೆ ಅದರೊಳಗೆ ನಿಲ್ಲಿ.