ಬಿರುಗಾಳಿಗೆ ಉರುಳಿದ ಮಾವಿನ ಹೆಮ್ಮರ: ಅದನ್ನು ಕತ್ತರಿಸುವ ಮತ್ತು ವಿನಿಯೋಗಿಸುವ ಕ್ರಮ

(ರೈತರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಯುಗಾದಿಯು ಕಳೆದು ಮಾವಿನ ಕಾಯಿ ಬಲಿಯತೊಡಗುವ ವೇಳೆಗೆ ಮೈದಾನ ಸೀಮೆಯಲ್ಲಿ ಗುಡುಗು ಮಿಂಚುಗಳೊಡನೆ ಮುಂಗಾರಿಗೆ ಮುಂಚಿನ ಮಳೆಗಳು ಪ್ರಾರಂಭವಾಗುತ್ತವೆ. ಈ ಮಳೆಗಳೊಡನೆ ಬೀಸುವ ಬಿರುಗಾಳಿಯು ಎರಡು ಮೂರು ತಲೆಮಾರುಗಳಿಂದ ನಿಂತಿದ್ದ ಮರವನ್ನು ಅರ್ಧ ಗಳಿಗೆಯಲ್ಲಿ ಕೆಡವಿಬಿಡುವುದುಂಟು. ಕಾಯಿಯಿಂದ ತಲೆಭಾರವಾಗಿರುವ ಮರ, ಬೇರು ಮೇಲ್ಮಣ್ಣಿನಲ್ಲಿಯೇ ಹರಡಿಕೊಂಡಿರುವ ಮರ, ಬೊಡ್ಡೆಯ ತಿರುಳು ಕೊಳೆತು ಟೊಳ್ಳಾಗಿರುವ ಮರ, ಇವು ಮೊದಲು ಉರುಳುತ್ತವೆ. ಮಾವಿನ ತೋಪುಗಳು ವಿಶೇಷವಾಗಿರುವ ಶ್ರೀನಿವಾಸಪುರ, ರಾಮನಗರ, ಧಾರವಾಡಗಳ ಸುತ್ತಣ ರೈತರಿಗೆ ಇದು ಹೊಸ ನೋಟವೇನೂ ಅಲ್ಲ.

ಮರ ಬಿದ್ದ ಮರುದಿನ ಸಾಮಾನ್ಯವಾಗಿ ನಡೆಯುವುದನ್ನು ಎಲ್ಲರೂ ಬಲ್ಲರು. ಹುಡುಗರು ಕಾಯಿ ಆರಿಸಲು ರೆಂಬೆಗಳೊಳಗೆ ನುಗ್ಗುತ್ತಾರೆ. ಮನೆಯ ಆಳು ಕೊಡಲಿ ಹಿಡಿದು, ಕೈಗೆ ಎಟುಕಿದ ಕೊಂಬೆಯಿಂದ ಕಡಿಯಲಾರಂಭಿಸುತ್ತಾನೆ. ಸಂಜೆಯೊಳಗಾಗಿ ಸೌದೆಯ ವ್ಯಾಪಾರಿಯು ಬಂದು ಇಡೀ ಮರಕ್ಕೆ ಒಂದೇ ಬೆಲೆ ಹೇಳುತ್ತಾನೆ. ದಾರಿ ಬಿಡುವಾದರೆ ಸಾಕೆಂದು ರೈತನು ಒಪ್ಪುತ್ತಾನೆ. ಈ ಆತುರದಿಂದ ಆಗುವ ಹಾನಿಗಳು ಮೂರು. ಮೊದಲನೆಯದು ಪ್ರಾಣಾಪಾಯ. ಎರಡನೆಯದು ಹಣದ ನಷ್ಟ. ಮೂರನೆಯದು ಮತ್ತೆಲ್ಲಿಯೂ ಇಲ್ಲದಿರಬಹುದಾದ ಒಂದು ಮಾವಿನ ತಳಿಯ ನಾಶ. ಈ ಮೂರನ್ನೂ ಯಾವ ಹೆಚ್ಚಿನ ಖರ್ಚೂ ಇಲ್ಲದೆ, ಕೆಲಸದ ಕ್ರಮವನ್ನು ಅರಿತುಕೊಳ್ಳುವುದರಿಂದಲೇ ತಪ್ಪಿಸಬಹುದಾಗಿದೆ.

ಮೊದಲು ನೋಡತಕ್ಕ ಅಂಶಗಳು

ಕೊಡಲಿ ಮುಟ್ಟುವುದಕ್ಕೆ ಮುಂಚೆ ಮರದ ಸುತ್ತಲೂ ಒಂದು ಸಾರಿ ದೂರದಿಂದ ನಡೆದು ನೋಡತಕ್ಕದ್ದು. ವಿದ್ಯುಚ್ಛಕ್ತಿಯ ತಂತಿಯು ಕೊಂಬೆಗಳಲ್ಲಿ ಸಿಕ್ಕಿಕೊಂಡಿದ್ದರೆ, ಆ ಇಲಾಖೆಯ ನೌಕರರು ಬಂದು ಪ್ರವಾಹವನ್ನು ನಿಲ್ಲಿಸಿರುವುದಾಗಿ ಹೇಳುವವರೆಗೆ ಯಾರೂ ಹತ್ತಿರ ಸುಳಿಯಕೂಡದು; ಹಸಿಯ ಮರವೂ ಒದ್ದೆ ನೆಲವೂ ವಿದ್ಯುತ್ತನ್ನು ಹರಿಯಗೊಡುತ್ತವೆ. ಪಕ್ಕದ ಮರದಲ್ಲಿ ಮುರಿದು ತೂಗಾಡುತ್ತಿರುವ ಕೊಂಬೆಗಳಿವೆಯೇ, ಹೆಜ್ಜೇನಿನ ತಟ್ಟಿ ಇದೆಯೇ ಎಂಬುದನ್ನೂ ಗಮನಿಸಬೇಕು.

ಬುಡಸಹಿತ ಕಿತ್ತುಬಿದ್ದ ಮರದಲ್ಲಿ ಬೇರುಗಳು ಮಣ್ಣನ್ನು ಹಿಡಿದುಕೊಂಡು ಗೋಡೆಯಂತೆ ಎದ್ದು ನಿಂತಿರುತ್ತವೆ. ಅದರ ಹಿಂದೆ ಒಂದು ಹಳ್ಳವಾಗಿರುತ್ತದೆ. ಮಕ್ಕಳಿಗೆ ಇದು ಆಟದ ಸ್ಥಳವಾಗಿ ತೋರುವುದು ಸಹಜ. ಆದರೆ ಇಡೀ ಮರದಲ್ಲಿ ಇದಕ್ಕಿಂತ ಅಪಾಯಕರವಾದ ಸ್ಥಳವಿಲ್ಲ. ಆ ಗೋಡೆಯನ್ನು ಓರೆಯಾಗಿ ಹಿಡಿದಿರುವುದು ಕಾಂಡದ ಭಾರವೊಂದೇ. ಕಾಂಡವನ್ನು ಕತ್ತರಿಸಿ ಬೇರ್ಪಡಿಸಿದ ಕ್ಷಣದಲ್ಲಿ, ಗಾಡಿಗಟ್ಟಲೆ ಮಣ್ಣಿನೊಡನೆ ಬುಡವು ಸರಕ್ಕನೆ ಹಿಂದಕ್ಕೆ ಬಿದ್ದು ಹಳ್ಳವನ್ನು ಮುಚ್ಚಿಕೊಳ್ಳಬಹುದು. ಆದುದರಿಂದ ಹಳ್ಳದ ಸುತ್ತ ಹಗ್ಗ ಕಟ್ಟಿಸಿ, ಕೆಲಸ ಮುಗಿಯುವವರೆಗೆ ಒಬ್ಬರನ್ನು ಕಾವಲಿಡತಕ್ಕದ್ದು. ಬುಡದ ಕಡೆ ನಾಲ್ಕೈದು ಅಡಿ ಕಾಂಡವನ್ನು ಹಾಗೆಯೇ ಉಳಿಸಿ ಅದರ ಆಚೆಗೆ ಕೊಯ್ಯುವುದೂ, ಬುಡವನ್ನು ಸರಪಣಿಯಿಂದ ಬಿಗಿದಿಡುವುದೂ ಕ್ಷೇಮಕರ.

ಕಾನೂನಿನ ವಿಷಯವನ್ನೂ ಇಲ್ಲಿಯೇ ಹೇಳಬೇಕಾಗಿದೆ. ಕರ್ನಾಟಕದಲ್ಲಿ ಮರಗಳ ಸಂರಕ್ಷಣೆಗಾಗಿ 1976ರ ಕಾಯಿದೆಯಿದೆ. ರಸ್ತೆಬದಿಯ ಮರವು ರೈತನ ಹೊಲಕ್ಕೆ ಬಿದ್ದರೆ ಅದು ಅವನದಾಗುವುದಿಲ್ಲ. ಸ್ವಂತ ಮರವಾದರೂ ಕಡಿಯುವ ಮತ್ತು ಸಾಗಿಸುವ ಮುಂಚೆ ಸ್ಥಳೀಯ ಅರಣ್ಯಾಧಿಕಾರಿಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಸಿಕಡ್ಡಿಗಳನ್ನು ಉಳಿಸುವುದು

ಅಪಾಯವಿಲ್ಲವೆಂದು ಖಚಿತವಾದ ಮೇಲೆ ಮಾಡತಕ್ಕ ಮೊದಲನೆಯ ಕೆಲಸವು ಕಡಿಯುವುದಲ್ಲ, ಕಸಿಕಡ್ಡಿ ತೆಗೆಯುವುದು. ಬಾದಾಮಿ, ರಸಪುರಿ, ಮಲ್ಲಿಕಾ ಮುಂತಾದ ಜಾತಿಗಳು ಸಸ್ಯಕ್ಷೇತ್ರಗಳಲ್ಲಿ ದೊರೆಯುತ್ತವೆ. ಅವು ಉರುಳಿದರೆ ಹೊಸ ಗಿಡ ತಂದು ನೆಡಬಹುದು. ಆದರೆ ಓಟೆಯಿಂದ ತಾನಾಗಿ ಹುಟ್ಟಿದ ನಾಟಿ ಮರವು ಆ ಜಾತಿಗೆ ಒಂದೇ ಒಂದು. ಈ ದೇಶದ ಹೆಚ್ಚಿನ ಮಾವುಗಳಲ್ಲಿ ಓಟೆಯಿಂದ ಹುಟ್ಟಿದ ಸಸಿಯು ತಾಯಿಯ ಗುಣವನ್ನು ಹಾಗೆಯೇ ತರುವುದಿಲ್ಲ. ಮಲೆನಾಡಿನಲ್ಲಿ ಅಘನಾಶಿನಿ, ಶರಾವತಿ ಮೊದಲಾದ ಹೊಳೆಗಳ ದಡಗಳಲ್ಲಿರುವ ಅಪ್ಪೆಮಿಡಿಯ ಮರಗಳು ಇದಕ್ಕೆ ತಕ್ಕ ಉದಾಹರಣೆ. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ, ಒಂದೊಂದು ಹುಳಿ. ಅಂಥ ಮರವು ನೆರೆಯಲ್ಲಿಯೋ ಗಾಳಿಯಲ್ಲಿಯೋ ಬಿದ್ದು ಸೌದೆಯಾದರೆ, ಆ ರುಚಿಯೂ ಅದರೊಡನೆಯೇ ಹೋಯಿತೆಂದು ತಿಳಿಯಬೇಕು.

ಬಿದ್ದ ಮರದ ಎಲೆಗಳು ಬಾಡುವುದಕ್ಕೆ ಮುಂಚೆ, ಮೂರು ನಾಲ್ಕು ತಿಂಗಳು ಬಲಿತ, ಸೀಸದಕಡ್ಡಿಯ ದಪ್ಪದ, ತುದಿಯ ಮೊಗ್ಗು ಉಬ್ಬಿರುವ ಚಿಗುರುಗಳನ್ನು 4ರಿಂದ 6 ಅಂಗುಲ ಉದ್ದಕ್ಕೆ ಕತ್ತರಿಸಿ ಎಲೆಗಳನ್ನು ಸವರಿಹಾಕಬೇಕು. ಎಲೆಯ ತೊಟ್ಟಿನ ತುಂಡು ಸ್ವಲ್ಪ ಉಳಿದಿರಲಿ. ಇವುಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಬಾಳೆಯ ಪಟ್ಟೆಯಲ್ಲಿ ಕಟ್ಟಿ, ನೆರಳಿನಲ್ಲಿಟ್ಟು, ಎರಡು ಮೂರು ದಿನಗಳೊಳಗಾಗಿ ಓಟೆಯ ಸಸಿಗಳಿಗೆ ಕಸಿಕಟ್ಟತಕ್ಕದ್ದು. ತನ್ನಲ್ಲಿ ಸಸಿಗಳಿಲ್ಲದಿದ್ದರೆ ಸಮೀಪದ ತೋಟಗಾರಿಕೆಯ ಸಸ್ಯಕ್ಷೇತ್ರಕ್ಕೆ ಒಯ್ಯಬಹುದು. ಅಥವಾ ತೋಪಿನ ಬೇರೊಂದು ಎಳೆಯ ಮರದ ಕೊಂಬೆಗೆ ಕಟ್ಟಿ ತಳಿಯನ್ನು ಉಳಿಸಿಕೊಳ್ಳಬಹುದು. ಒಂದು ಮುಂಜಾವಿನ ಈ ಕೆಲಸಕ್ಕೆ ಹರಿತವಾದ ಚಾಕುವಿನ ಹೊರತು ಬೇರೆ ಸಾಮಗ್ರಿಯು ಬೇಕಾಗಿಲ್ಲ.

ಕತ್ತರಿಸುವ ಕ್ರಮ

ನೆಲಕ್ಕೊರಗಿದ ಹೆಮ್ಮರವು ನಿಶ್ಚಲವಾಗಿ ಕಂಡರೂ ಅದರೊಳಗೆ ಎಳೆದು ಹಿಡಿದ ಬಿಲ್ಲಿನಲ್ಲಿರುವಂತೆ ಬಲವು ಅಡಗಿರುತ್ತದೆ. ಬಾಗಿದ ಕೊಂಬೆಯಲ್ಲಿ ಒಂದು ಪಕ್ಕವು ಒತ್ತಲ್ಪಟ್ಟಿರುತ್ತದೆ, ಎದುರು ಪಕ್ಕವು ಎಳೆಯಲ್ಪಟ್ಟಿರುತ್ತದೆ. ಒತ್ತಿದ ಪಕ್ಕದಲ್ಲಿ ಆಳವಾಗಿ ಕೊಯ್ದರೆ ಗರಗಸವು ಹಿಡಿದುಕೊಳ್ಳುವುದು. ಎಳೆದ ಪಕ್ಕದಲ್ಲಿ ಒಮ್ಮೆಲೇ ಕೊಯ್ದರೆ ಮರವು ಸೀಳಿ ಸಿಡಿಯುವುದು. ಬಿದ್ದ ಮರಗಳನ್ನು ಕತ್ತರಿಸುವಾಗ ಆಗುವ ಅಪಘಾತಗಳಲ್ಲಿ ಎಷ್ಟೋ ಈ ಸಿಡಿತದಿಂದ ಆಗತಕ್ಕವು. ಇದನ್ನು ತಪ್ಪಿಸುವ ಸೂತ್ರವು ಸರಳವಾದುದು: ಒತ್ತಿದ ಪಕ್ಕದಲ್ಲಿ ದಪ್ಪದ ಕಾಲು ಅಥವಾ ಮೂರನೆಯ ಒಂದು ಭಾಗದಷ್ಟು ಮೊದಲು ಕೊಯ್ದು, ಅನಂತರ ಎಳೆದ ಪಕ್ಕದಿಂದ ನಿಧಾನವಾಗಿ ಕೊಯ್ದು ಮುಗಿಸಬೇಕು.

ಕಾಂಡವು ಎರಡು ತುದಿಗಳಲ್ಲಿ ಆನಿಕೊಂಡು ನಡುವೆ ತೂಗಿದ್ದರೆ ಅದರ ಮೇಲಣ ಪಕ್ಕವು ಒತ್ತಿದುದು, ಕೆಳಗಣದು ಎಳೆದುದು. ಆದುದರಿಂದ ಮೊದಲು ಮೇಲಿನಿಂದಲೂ ಬಳಿಕ ಕೆಳಗಿನಿಂದಲೂ ಕೊಯ್ಯಬೇಕು. ಒಂದು ತುದಿಯು ಆಧಾರವಿಲ್ಲದೆ ಚಾಚಿಕೊಂಡಿದ್ದರೆ ಇದಕ್ಕೆ ತದ್ವಿರುದ್ಧವಾಗಿ ಮೊದಲು ಕೆಳಗಿನಿಂದಲೂ ಬಳಿಕ ಮೇಲಿನಿಂದಲೂ ಕೊಯ್ಯಬೇಕು. ಕೊಂಬೆಯು ಪಕ್ಕಕ್ಕೆ ಬಾಗಿದ್ದರೆ ಬಿಲ್ಲಿನ ಒಳಬದಿಯಲ್ಲಿ ನಿಲ್ಲತಕ್ಕದ್ದು. ಹೊರಬದಿಯಲ್ಲಿ ಎಂದಿಗೂ ನಿಲ್ಲಕೂಡದು. ಇಳಿಜಾರಿನಲ್ಲಿ ಬಿದ್ದ ಮರಕ್ಕೆ ಏರಿನ ಕಡೆಯಲ್ಲಿಯೇ ನಿಂತು ಕೆಲಸ ಮಾಡಬೇಕು.

ಮೊದಲು ಯಾವ ಭಾರವನ್ನೂ ಹೊರದ ಸಣ್ಣ ರೆಂಬೆಗಳನ್ನು ಸವರಿ, ಕಾಲಿಡಲು ಜಾಗ ಮಾಡಿಕೊಳ್ಳಬೇಕು. ಸವರಿದ ಸೊಪ್ಪನ್ನು ಆಗಾಗಲೇ ಎಳೆದುಹಾಕಿದರೆ, ಅಪಾಯ ಬಂದಾಗ ಹಿಂದೆ ಸರಿಯಲು ದಾರಿಯಿರುತ್ತದೆ. ನೆಲಕ್ಕೆ ಊರಿ ಕಾಂಡವನ್ನು ಕಂಬಗಳಂತೆ ಹೊತ್ತಿರುವ ಕೊಂಬೆಗಳನ್ನು ಕಡೆಯವರೆಗೂ ಮುಟ್ಟಕೂಡದು. ಅವುಗಳನ್ನು ತೆಗೆಯುವುದಕ್ಕೆ ಮುಂಚೆ ಕಾಂಡದ ಕೆಳಗೆ ದಿಮ್ಮಿಗಳನ್ನೂ, ಉರುಳದಂತೆ ಪಕ್ಕದಲ್ಲಿ ಬೆಣೆಗಳನ್ನೂ ಕೊಡಬೇಕು. ಇಬ್ಬರು ಎಳೆಯುವ ಗರಗಸವಾದರೆ ಕೊಯ್ತದ ಬಾಯಿ ಮುಚ್ಚದಂತೆ ಮರದ ಬೆಣೆಯನ್ನು ಹೊಡೆಯುತ್ತ ಹೋಗಬೇಕು. ಯಂತ್ರದ ಗರಗಸವಾದರೆ ಅದನ್ನು ಭುಜದಿಂದ ಮೇಲಕ್ಕೆ ಎತ್ತಕೂಡದು. ಅದರ ಮೂತಿಯ ಮೇಲಂಚು ಕೊಂಬೆಗೆ ತಾಕಿದರೆ ಗರಗಸವು ಹಿಡಿದವನ ಮುಖದ ಕಡೆಗೆ ಹಾರುತ್ತದೆ. ಇದರಲ್ಲಿ ಅಭ್ಯಾಸವಿಲ್ಲದವರು ಇಂಥ ಮರದ ಮೇಲೆ ಕಲಿಯಲು ಹೊರಡಬಾರದು. ಪಂಚೆಯ ತುದಿಯಾಗಲಿ, ಹೆಗಲಮೇಲಣ ವಸ್ತ್ರವಾಗಲಿ ಜೋತಾಡದಿರಲಿ.

ಹಸಿ ಮಾವಿನ ಸೊನೆಯು ಕೆಲವರ ಚರ್ಮವನ್ನು ಸುಟ್ಟು ಬೊಕ್ಕೆ ಬರಿಸುತ್ತದೆ. ಮೈ ಮುಚ್ಚುವ ಅಂಗಿ ತೊಟ್ಟು ಕೆಲಸ ಮಾಡಬೇಕು, ಸೊನೆ ತಾಕಿದಲ್ಲಿ ಒಡನೆಯೇ ಸಾಬೂನಿನಿಂದ ತೊಳೆಯಬೇಕು, ಕಣ್ಣನ್ನು ಉಜ್ಜಿಕೊಳ್ಳಬಾರದು.

ದಿಮ್ಮಿಯ ಅಳತೆ ಮತ್ತು ಮಾರಾಟ

ಕಾಂಡವನ್ನು ಸೌದೆಯ ತುಂಡುಗಳಾಗಿ ಕತ್ತರಿಸಿಬಿಟ್ಟರೆ ಅದರ ಬೆಲೆಯು ಸೌದೆಯ ಬೆಲೆಗೆ ಇಳಿಯುತ್ತದೆ. ಮಾವಿನ ಹಲಗೆಯು ತೇಗದಂತೆ ಬಾಳತಕ್ಕದ್ದಲ್ಲ. ಆದರೆ ಹಣ್ಣಿನ ಪೆಟ್ಟಿಗೆ, ಅಗ್ಗದ ಬಾಗಿಲು, ಮಂಚ, ಬೆಂಚು, ಪದರ ಹಲಗೆ ಮುಂತಾದವುಗಳಿಗೆ ಇದಕ್ಕೆ ಗಿರಾಕಿಯುಂಟು. ಕೊಳೆಯದ, ನೆಟ್ಟಗಿರುವ ಭಾಗವನ್ನು 8 ಅಥವಾ 10 ಅಡಿಯ ದಿಮ್ಮಿಗಳಾಗಿ ಕೊಯ್ಯುವುದು ಲೇಸು.

ಮಾರುವವನು ತನ್ನ ದಿಮ್ಮಿಯ ಘನ ಅಡಿಗಳನ್ನು ತಾನೇ ಲೆಕ್ಕ ಹಾಕಬಲ್ಲವನಾಗಿರಬೇಕು. ಮರದ ವ್ಯಾಪಾರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನವಿದು: ದಿಮ್ಮಿಯ ನಡುವಿನ ಸುತ್ತಳತೆಯ ಕಾಲು ಭಾಗವನ್ನು ಅದೇ ಸಂಖ್ಯೆಯಿಂದ ಗುಣಿಸಿ, ಉದ್ದದಿಂದ ಗುಣಿಸುವುದು. ಸುತ್ತಳತೆ 8 ಅಡಿ, ಉದ್ದ 10 ಅಡಿ ಇದ್ದರೆ, 8ರ ಕಾಲು ಭಾಗ 2; 2 × 2 × 10 = 40 ಘನ ಅಡಿ. ವಾಸ್ತವದಲ್ಲಿ ಆ ದಿಮ್ಮಿಯಲ್ಲಿರುವುದು ಸುಮಾರು 51 ಘನ ಅಡಿ. ಕೊಯ್ಯುವಾಗ ಅಂಚುಕಟ್ಟುಗಳು ಹಾಳಾಗುವುದನ್ನು ಈ ಲೆಕ್ಕವು ಕೊಳ್ಳುವವನ ಪರವಾಗಿ ಮೊದಲೇ ಕಳೆದಿರುತ್ತದೆ. ಹೀಗಿರುವಲ್ಲಿ ‘ಪೋಲಿಗಾಗಿ’ ಎಂದು ಮತ್ತೊಮ್ಮೆ ಕಳೆಯಗೊಡಬಾರದು. ಹಗ್ಗವನ್ನು ಬಿಗಿದೆಳೆದು 8 ಅಡಿಯನ್ನು ಏಳೂವರೆ ಎಂದು ಬರೆದರೆ 40 ಘನ ಅಡಿಯು ಸುಮಾರು 35ಕ್ಕೆ ಇಳಿಯುವುದೆಂಬುದನ್ನೂ ನೆನಪಿನಲ್ಲಿಡತಕ್ಕದ್ದು. ಇಂಥ ಒಂದು ಹಸಿ ದಿಮ್ಮಿಯು ಒಂದು ಟನ್ನಿಗಿಂತ ಹೆಚ್ಚು ಭಾರವಿರುತ್ತದೆ. ಹಗ್ಗ ಸನ್ನೆಗಳಿಲ್ಲದೆ ಬರಿಯ ಕೈಬಲದಿಂದ ಗಾಡಿಗೆ ಏರಿಸಹೋಗಬಾರದು.

ಮಾವಿನ ದಿಮ್ಮಿಯು ಹೆಚ್ಚು ದಿನ ಕಾಯತಕ್ಕದ್ದಲ್ಲ. ಮಳೆಯಲ್ಲಿ ಬಿದ್ದಿದ್ದರೆ ಬೂಷ್ಟು ಹಿಡಿದು ಕಪ್ಪು ಕಲೆಗಳಾಗಿ, ಸಣ್ಣ ಹುಳುಗಳು ಸೂಜಿಯ ತೂತುಗಳನ್ನು ಕೊರೆಯುತ್ತವೆ. ಕೆಲವು ವಾರಗಳೊಳಗಾಗಿಯೇ ಕೊಯ್ಯಿಸುವುದು ಲಾಭಕರ. ತಡವಾಗುವುದಾದರೆ ದಿಮ್ಮಿಯ ಎರಡು ತುದಿಗಳಿಗೂ ಟಾರು ಬಳಿದು ಸೀಳು ಬಿಡದಂತೆ ನೋಡಿಕೊಳ್ಳಬೇಕು. ಕೊಯ್ದ ಹಲಗೆಗಳನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ, ನೆರಳಿನಲ್ಲಿ, ಪ್ರತಿ ಎರಡು ಅಡಿಗೊಂದರಂತೆ ಅಂಗುಲ ದಪ್ಪದ ರಿಪೀಸುಗಳನ್ನು ಒಂದರ ನೇರಕ್ಕೆ ಒಂದು ಬರುವಂತೆ ಇಟ್ಟು ಜೋಡಿಸಬೇಕು. ಮೇಲೆ ಕಲ್ಲುಗಳನ್ನು ಹೇರಿದರೆ ಹಲಗೆ ಸೊಟ್ಟಗಾಗುವುದಿಲ್ಲ. ಹಸಿ ಹಲಗೆಗಳನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆದರೆ ಹುಳುವಿನ ಬಾಧೆ ಕಡಿಮೆಯಾಗುತ್ತದೆ.

ಉಳಿದ ಭಾಗಗಳು

ಕೊಂಬೆಗಳನ್ನು ಸೀಳಿ, ಗಾಳಿಯಾಡುವಂತೆ ಅಟ್ಟಿಯಿಟ್ಟು ಆರು ತಿಂಗಳು ಒಣಗಿಸಿದರೆ ಒಳ್ಳೆಯ ಸೌದೆಯಾಗುತ್ತದೆ. ಹಸಿ ಸೌದೆಯ ತೂಕದಲ್ಲಿ ಅರ್ಧಕ್ಕೆ ಸಮೀಪವಾದ ಭಾಗವು ನೀರೇ. ಅದನ್ನು ಒಲೆಗಿಟ್ಟರೆ ಶಾಖವು ನೀರನ್ನು ಆರಿಸುವುದರಲ್ಲಿ ಕಳೆದು, ಗೃಹಿಣಿಯ ಕಣ್ಣಿಗೆ ಹೊಗೆಯೊಂದೇ ಉಳಿಯುತ್ತದೆ.

ಎಲೆ ಮತ್ತು ಬೆರಳಿಗಿಂತ ಸಣ್ಣ ಕಡ್ಡಿಗಳನ್ನು ಸುಡಕೂಡದು. ಮಾವಿನೆಲೆಯು ಗಡುಸಾದುದರಿಂದ ಕತ್ತರಿಸಿ, ಸಗಣಿಯ ನೀರು ಚಿಮುಕಿಸಿ, ಬೇರೆ ಹಸುರು ಸೊಪ್ಪಿನೊಡನೆ ಬೆರಸಿ ಗೊಬ್ಬರದ ಗುಂಡಿಗೆ ಹಾಕಬೇಕು. 1931ರಲ್ಲಿ ಆಲ್ಬರ್ಟ್ ಹೋವರ್ಡರು ಪ್ರಕಟಿಸಿದ ಇಂದೂರಿನ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ತಿರುವಿಹಾಕಬೇಕಾಗುತ್ತದೆ. ಆಳಿನ ಅಭಾವವಿರುವಲ್ಲಿ, ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಪದ್ಧತಿಯಂತೆ ಗುಂಡಿಯನ್ನು ಪದರಪದರವಾಗಿ ತುಂಬಿ ಕೆಸರಿನಿಂದ ಮೆತ್ತಿಬಿಟ್ಟರೆ, ತಿರುವುವ ಕೆಲಸವಿಲ್ಲದೆ ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವು ದೊರೆಯುತ್ತದೆ.

ಟೊಳ್ಳಾದ ಕಾಂಡವನ್ನೂ ಬೊಡ್ಡೆಯನ್ನೂ ಬೆಲೆಯಿಲ್ಲವೆಂದು ತೋಪಿನಲ್ಲಿಯೇ ಬಿಡುವುದು ರೂಢಿ. ಇದರಿಂದ ನಿಂತಿರುವ ಮರಗಳಿಗೆ ಹಾನಿಯುಂಟು. ಮಾವಿನ ಕಾಂಡ ಕೊರೆಯುವ ಹುಳು, ಅಂದರೆ ಬಟೊಸೆರಾ ಎಂಬ ದೊಡ್ಡ ದುಂಬಿ, ಸೊರಗಿದ ಮತ್ತು ಸಾಯುತ್ತಿರುವ ಮರಗಳ ತೊಗಟೆಯಲ್ಲಿ ಮೊಟ್ಟೆಯಿಡಲು ಹಾತೊರೆಯುತ್ತದೆ. ಇದರ ಮರಿಹುಳು ಮೂರು ಅಂಗುಲಕ್ಕೂ ಮೀರಿ ಬೆಳೆದು, ಮರದೊಳಗೆ ಬೆರಳು ದಪ್ಪದ ಸುರಂಗಗಳನ್ನು ತೋಡುತ್ತದೆ. ತೊಗಟೆಯ ತೂತುಗಳಿಂದ ಮರದ ಹೊಟ್ಟು ಉದುರುತ್ತಿದ್ದರೆ ಹುಳುವು ಒಳಗಿದೆಯೆಂದು ತಿಳಿಯಬೇಕು. ಅಂಥ ತುಂಡುಗಳನ್ನು ಸೀಳಿ ಹುಳುಗಳನ್ನು ಕೊಂದು, ಮೊದಲು ಸೌದೆಗೆ ಉಪಯೋಗಿಸಿಬಿಡತಕ್ಕದ್ದು. ಬೇರಾವುದು ತಡವಾದರೂ ಇದು ತಡವಾಗಬಾರದು. ಒಳಗೆ ಬೆಳೆದ ದುಂಬಿಗಳು ಹೊರಬಿದ್ದು ಪಕ್ಕದ ಮರಗಳಿಗೆ ಹೋಗುವುವು.

ಬೊಡ್ಡೆಯನ್ನು ಕೀಳಿಸಿದ ಗುಂಡಿಯಿಂದ ಕೊಳೆತ ಬೇರುಗಳನ್ನು ಆರಿಸಿ, ಒಂದು ಬೇಸಗೆ ಬಿಸಿಲಿಗೆ ಬಿಟ್ಟು, ಬಳಿಕ ಹೊಸ ಮಣ್ಣು ಗೊಬ್ಬರಗಳಿಂದ ತುಂಬಬೇಕು. ಹೊಸ ಗಿಡವನ್ನು ಅದೇ ಕುಳಿಯಲ್ಲಿ ನೆಡದೆ ಕೆಲವು ಅಡಿ ಆಚೆಗೆ ನೆಡುವುದು ಮೇಲು.

ಕೆಲಸದ ಕ್ರಮವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗಿದೆ. ತಂತಿ, ಹಳ್ಳ ಮತ್ತು ಮಕ್ಕಳ ವಿಷಯದಲ್ಲಿ ಮೊದಲ ಎಚ್ಚರಿಕೆ, ಅನಂತರ ಕಸಿಕಡ್ಡಿ, ಬಳಿಕ ಸಣ್ಣ ರೆಂಬೆ, ದೊಡ್ಡ ಕೊಂಬೆ, ಕಾಂಡ, ಕಡೆಯಲ್ಲಿ ಬೊಡ್ಡೆ. ವ್ಯಾಪಾರಿಯೊಡನೆ ಮಾತು ಅಳತೆಯಾದ ಮೇಲೆಯೇ ಆಗಲಿ. ಮರವು ಬಿದ್ದಾಗಿದೆ, ಅದು ಇನ್ನು ಒಂದು ವಾರ ಅಲ್ಲಿಯೇ ಇದ್ದರೆ ಹೋಗುವುದೇನೂ ಇಲ್ಲ. ಎರಡು ಮೂರು ದಿನಗಳೊಳಗೆ ಆಗಲೇಬೇಕಾದುದು ಕಸಿಕಡ್ಡಿಯ ಕೆಲಸವೊಂದೇ. ತೋಪಿನಲ್ಲಿ ನಾಟಿ ಮರವುಳ್ಳ ರೈತರು ಅದು ಉರುಳುವವರೆಗೂ ಕಾಯದೆ, ಈ ಮುಂಗಾರಿನಲ್ಲಿಯೇ ಅದರಿಂದ ನಾಲ್ಕಾರು ಕಸಿಗಳನ್ನು ಕಟ್ಟಿಸಿಟ್ಟುಕೊಳ್ಳುವುದು ಎಲ್ಲಕ್ಕಿಂತಲೂ ಉತ್ತಮ.