ಉಳಿದ ವೇಳೆ ಯಾರಿಗೆ ಸೇರಬೇಕು?

(ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ನಮ್ಮ ಭಾಗದ ಒಂದು ನೂಲಿನ ಗಿರಣಿಯ ಗೇಟಿನಲ್ಲಿ ಹೊಸದೊಂದು ಹಲಗೆ ತೂಗುಹಾಕಿದರು. ಹಲಗೆಯ ಕೆಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯ ಪಕ್ಕದಲ್ಲಿ ಚೀಟಿಗಳ ಕಟ್ಟು. ಇನ್ನು ಮೇಲೆ ಗಿರಣಿಯಲ್ಲಿ 'ಲೀನ್' ಪದ್ಧತಿ, 'ಕೈಜೆನ್' ಪದ್ಧತಿ ನಡೆಯತಕ್ಕದ್ದು. ನಿಮ್ಮ ಖಾತೆಯಲ್ಲಿ ಎಲ್ಲಿ ಏನು ವ್ಯರ್ಥವಾಗುತ್ತಿದೆ ಎಂದು ಬರೆದು ಹಾಕಿ. ಒಳ್ಳೆಯ ಸಲಹೆಗೆ ಬಹುಮಾನ ಉಂಟು ಎಂದು ಅದರ ಒಕ್ಕಣೆ. ಪಾಳಿ ಮುಗಿಸಿ ಬಂದ ಕಾರ್ಮಿಕರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಚೀಟಿ ಬರೆಯೋಣವೋ, ಬೇಡವೋ? ಬರೆದರೆ ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕಿಕೊಂಡಂತೆ ಆಗುವುದಿಲ್ಲವೆ?"

ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳಿ ಎದ್ದುಹೋಗುವುದು ಸುಲಭ. ಆದರೆ ಗೊತ್ತಿಲ್ಲದ್ದನ್ನು ಬೈಯುವುದೂ ತಪ್ಪು, ಗೊತ್ತಿಲ್ಲದ್ದಕ್ಕೆ ತಲೆಬಾಗುವುದೂ ತಪ್ಪು. ಆದುದರಿಂದ ಈ ಪದ್ಧತಿ ಎಲ್ಲಿ ಹುಟ್ಟಿತು, ಏನು ಹೇಳುತ್ತದೆ, ಯಾರಿಗೆ ಏನು ಕೊಟ್ಟಿತು ಎಂಬುದನ್ನು ಮೊದಲು ನೋಡೋಣ.

ಇದು ಹುಟ್ಟಿದ್ದು ಯಾವ ದೊಡ್ಡ ಕಚೇರಿಯಲ್ಲೂ ಅಲ್ಲ, ಮಗ್ಗದ ಬುಡದಲ್ಲಿ. ಜಪಾನಿನ ಸಾಕಿಚಿ ಟೊಯೋಡಾ ಒಬ್ಬ ಬಡಗಿಯ ಮಗ. ತಾಯಿ ಮಗ್ಗದ ಮುಂದೆ ಪಡುವ ಪಾಡನ್ನು ನೋಡುತ್ತ ಬೆಳೆದವನು. 1891ರಲ್ಲಿ ಮರದ ಕೈಮಗ್ಗದ ಸುಧಾರಣೆಗೆ ಮೊದಲ ಪೇಟೆಂಟ್ ಪಡೆದ. 1924ರ ಹೊತ್ತಿಗೆ ಆತನ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. ಎಳೆ ಕಡಿದರೆ ಆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. ನಮ್ಮ ದೇಶದ ಎಷ್ಟೋ ಗಿರಣಿಗಳಿಗೆ ಯಂತ್ರ ಮಾರಿದ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಯೇ 1929ರಲ್ಲಿ ಒಂದು ಲಕ್ಷ ಪೌಂಡ್ ಕೊಟ್ಟು ಆ ಮಗ್ಗದ ಹಕ್ಕನ್ನು ಕೊಂಡಿತು. ಅದೇ ಮನೆತನ 1937ರಲ್ಲಿ ಟೊಯೋಟಾ ಮೋಟಾರು ಕಂಪನಿಯನ್ನು ಕಟ್ಟಿತು. ಅಲ್ಲಿ ಈ ಪದ್ಧತಿಗೆ ರೂಪು ಕೊಟ್ಟ ತಾಯಿಚಿ ಓನೋ ಕೂಡ ಮೊದಲು ನೂಲು ಮತ್ತು ನೇಯ್ಗೆಯ ಗಿರಣಿಯಲ್ಲಿ ಕೆಲಸಕ್ಕೆ ಸೇರಿದವನೇ. 'ಲೀನ್' ಎಂಬ ಹೆಸರನ್ನು ಇದಕ್ಕೆ ಇಟ್ಟವರು ಮಾತ್ರ ಅಮೆರಿಕದವರು, ಅದೂ 1988ರಲ್ಲಿ. ಲೀನ್ ಎಂದರೆ ಬೊಜ್ಜಿಲ್ಲದ ಮೈ. ಯಾರ ಮೈಯ ಬೊಜ್ಜು ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇವೆ.

ಓನೋ ವ್ಯರ್ಥವನ್ನು ಏಳು ಬಗೆಯಾಗಿ ವಿಂಗಡಿಸಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ: ಬೇಡಿಕೆಗಿಂತ ಹೆಚ್ಚು ಮಾಲು ತೆಗೆಯುವುದು, ಕೈಕಟ್ಟಿ ಕಾಯುವುದು, ಮಾಲನ್ನು ಸುಮ್ಮನೆ ಅತ್ತಿಂದಿತ್ತ ಸಾಗಿಸುವುದು, ಬೇಕಾದ್ದಕ್ಕಿಂತ ಹೆಚ್ಚು ಸಂಸ್ಕರಣ ಮಾಡುವುದು, ಗೋದಾಮಿನಲ್ಲಿ ಪೇರಿಸಿಡುವುದು, ಆಳು ವೃಥಾ ಓಡಾಡುವುದು, ಬಗ್ಗುವುದು, ಏಳುವುದು, ಕೆಟ್ಟ ಮಾಲು ತೆಗೆದು ಮತ್ತೆ ಸರಿಪಡಿಸುವುದು. ಈ ಏಳರಲ್ಲಿ ಯಾವುದು ನಿಮಗೆ ಹೊಸದು ಹೇಳಿ! ಬಾಬಿನ್ ಬರಲಿಲ್ಲವೆಂದು ಕಾದವರು ನೀವು. ತಳ್ಳುಗಾಡಿಯ ಗಾಲಿ ಮುರಿದಿದೆ ಎಂದು ಮೂರು ತಿಂಗಳಿಂದ ಹೇಳುತ್ತ ಬುಟ್ಟಿ ಹೊತ್ತವರು ನೀವು. ಹತ್ತಿ ಸರಿಯಿಲ್ಲದೆ ಎಳೆ ಕಡಿಯುತ್ತಿದ್ದರೂ ದಂಡ ಕಟ್ಟಿದವರು ನೀವು. ವ್ಯರ್ಥ ಎಲ್ಲಿದೆ ಎಂಬುದು ಮ್ಯಾನೇಜರರ ಲೆಕ್ಕದ ಪುಸ್ತಕಕ್ಕಿಂತ ಮೊದಲು ಗೊತ್ತಾಗುವುದು ಕಾರ್ಮಿಕನ ಸೊಂಟಕ್ಕೆ, ಕಾಲಿಗೆ.

ಕೈಜೆನ್ ಎಂದರೆ ಒಳಿತಿನ ಕಡೆಗೆ ಬದಲಾವಣೆ. ಒಂದೇ ಏಟಿಗೆ ಕೋಟಿ ರೂಪಾಯಿಯ ಯಂತ್ರ ತರುವುದಲ್ಲ. ಇವತ್ತು ಇದ್ದುದನ್ನು ನಾಳೆ ಒಂದಿಷ್ಟು ಸರಿಮಾಡುವುದು, ನಾಡಿದ್ದು ಇನ್ನೊಂದಿಷ್ಟು. ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ವ್ಯಾಪಾರಸ್ಥ ಬಂಧುಗಳು ಇದು ಗಿರಣಿಯವರ ಮಾತು ಎಂದು ಸುಮ್ಮನೆ ಕೂರಬೇಡಿ. ಓನೋ ಒಂದು ಮುಖ್ಯ ಪಾಠ ಕಲಿತದ್ದು ಅಂಗಡಿಯಿಂದ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಗಿರಾಕಿ ತನಗೆ ಬೇಕಾದ್ದನ್ನು ಕಪಾಟಿನಿಂದ ತಾನೇ ತೆಗೆದುಕೊಳ್ಳುತ್ತಾನೆ. ಎಷ್ಟು ಖಾಲಿಯಾಯಿತೋ ಅಷ್ಟನ್ನೇ ಅಂಗಡಿಯವನು ತುಂಬುತ್ತಾನೆ. ಇದೇ ರೀತಿ ಕಾರ್ಖಾನೆಯಲ್ಲಿಯೂ ಮುಂದಿನವನು ಕೇಳಿದಷ್ಟನ್ನೇ ಹಿಂದಿನವನು ಮಾಡಲಿ ಎಂದು ಓನೋ ಚೀಟಿಯ ಕ್ರಮ ತಂದ. ಅದನ್ನು 'ಕಾನ್‌ಬಾನ್' ಎನ್ನುತ್ತಾರೆ. ನಿಮ್ಮ ಅಂಗಡಿಯಲ್ಲಿ ಇದಕ್ಕೆ ಕಾಸು ಖರ್ಚಿಲ್ಲ. ನಾಲ್ಕು ಚೀಲ ಬೇಳೆ ಇಡುವ ಕಡೆ, ಕೊನೆಯ ಚೀಲದ ಮೇಲೆ ಒಂದು ರಟ್ಟು ಕಟ್ಟಿ. ಆ ಚೀಲದ ಬಾಯಿ ಬಿಚ್ಚಿದ ದಿನ ರಟ್ಟು ಗಲ್ಲಾಪೆಟ್ಟಿಗೆಗೆ ಬರಲಿ. ಅಂದೇ ಮಂಡಿಗೆ ಹೇಳಿಕಳಿಸಿ, ಅಲ್ಲಿಯತನಕ ಬೇಡ. ಸಗಟು ವ್ಯಾಪಾರಿ ರಿಯಾಯಿತಿಯ ಆಸೆ ತೋರಿಸಿ ಹತ್ತು ಚೀಲ ಹೊರಿಸಿದರೆ, ಆರು ಚೀಲಕ್ಕೆ ಹುಳು ಹಿಡಿಯುವುದು ನಿಮ್ಮ ಅಂಗಡಿಯಲ್ಲಿ, ಬಡ್ಡಿ ಬೆಳೆಯುವುದು ನಿಮ್ಮ ಹೆಸರಿನಲ್ಲಿ. ಮಾರಾಟವಾಗದೆ ಕೂತ ಮಾಲು ಸಾಲ ತಂದ ದುಡ್ಡಿನ ಸಮಾಧಿ ಎಂದೇ ತಿಳಿಯಿರಿ.

ಇಲ್ಲಿಯತನಕ ಹೇಳಿದ್ದರಲ್ಲಿ ಜಗಳವಾಡುವಂಥದು ಏನೂ ಇಲ್ಲ. ಜಗಳ ಹುಟ್ಟುವುದು ಇಲ್ಲಿಂದ ಮುಂದೆ.

ಒಂದು ಸಾಮಾನ್ಯ ಲೆಕ್ಕ ಮಾಡೋಣ. ಒಬ್ಬ ಕಾರ್ಮಿಕ ಒಂದು ಪಾಳಿಯಲ್ಲಿ 30 ಸಲ ಬಾಬಿನ್ ತರಲು ಹೋಗಿಬರುತ್ತಾನೆ, ಒಂದು ಸಲಕ್ಕೆ 2 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಪೆಟ್ಟಿಗೆಯನ್ನು ಯಂತ್ರದ ಹತ್ತಿರಕ್ಕೆ ತನ್ನಿ ಎಂದು ಅವನು ಚೀಟಿ ಬರೆದ. ತಂದರು. ಪಾಳಿಗೆ ಒಂದು ಗಂಟೆ ಉಳಿಯಿತು. ಹೀಗೆ ಎಂಟು ಮಂದಿ ಎಂಟು ಗಂಟೆ ಉಳಿಸಿದರು. ಈಗ ಧಣಿಯ ಮುಂದೆ ಮೂರು ದಾರಿ. ಒಂದು, ಎಂಟು ಗಂಟೆ ಎಂದರೆ ಒಂದು ಆಳು, ಆದ್ದರಿಂದ ಒಬ್ಬನನ್ನು ಮನೆಗೆ ಕಳಿಸುವುದು. ಎರಡು, ಆ ಗಂಟೆಯೊಳಗೆ ಇನ್ನೊಂದು ಯಂತ್ರದ ಹೊರೆ ಹೇರುವುದು. ಮೂರು, ಉಳಿತಾಯವನ್ನು ಹಂಚುವುದು: ಕೂಲಿಗೆ ಒಂದು ಪಾಲು, ವಿಶ್ರಾಂತಿಗೆ ಒಂದು ಪಾಲು, ಕೆಲಸ ಕಲಿಯುವುದಕ್ಕೆ ಒಂದು ಪಾಲು, ಗಿರಣಿಗೆ ಒಂದು ಪಾಲು. ಹಲಗೆಯ ಮೇಲೆ ಯಾವ ದಾರಿ ಎಂದು ಬರೆದಿಲ್ಲ. ಆ ಬರೆಯದ ಸಾಲೇ ಇಡೀ ಪ್ರಶ್ನೆಯ ತಿರುಳು.

ಮೊದಲ ಎರಡು ದಾರಿ ನಮ್ಮ ದೇಶದ ಗಿರಣಿ ಕಾರ್ಮಿಕರಿಗೆ ಹೊಸದಲ್ಲ. ಹಿಂದೆ ಅದನ್ನು 'ರ‍್ಯಾಷನಲೈಸೇಷನ್' ಎಂದು ಕರೆಯುತ್ತಿದ್ದರು. ಎರಡು ಮಗ್ಗ ನೋಡುತ್ತಿದ್ದವನು ಮೂರು ನೋಡಲಿ ಎಂದಾಗ ಮುಂಬಯಿಯ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು 1928ರಲ್ಲಿ ತಿಂಗಳುಗಟ್ಟಲೆ ಮುಷ್ಕರ ಹೂಡಿದರು. 1955ರಲ್ಲಿ ಕಾನ್ಪುರದ ಕಾರ್ಮಿಕರು ಇದೇ ಕಾರಣಕ್ಕೆ 80 ದಿನ ಗಿರಣಿಯಿಂದ ಹೊರಗುಳಿದರು. ಈಗಿನ ಹೊಸ ಹೆಸರನ್ನು ಕೇಳಿದಾಗ 'ಅಳಿಯ ಅಲ್ಲ, ಮಗಳ ಗಂಡ' ಎಂಬ ಗಾದೆ ನಮ್ಮವರಿಗೆ ನೆನಪಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ಟೊಯೋಟಾದ ಚರಿತ್ರೆಯಲ್ಲಿಯೂ ಕಣ್ಣೀರಿದೆ. 1950ರಲ್ಲಿ ಅಲ್ಲಿ ದೊಡ್ಡ ಮುಷ್ಕರವಾಯಿತು. ಒಂದೂವರೆ ಸಾವಿರಕ್ಕೂ ಮೀರಿ ಕಾರ್ಮಿಕರು ಕೆಲಸ ಬಿಡಬೇಕಾಯಿತು. ಕಂಪನಿಯ ಅಧ್ಯಕ್ಷ ಕಿಚಿರೋ ಟೊಯೋಡಾ ಕೂಡ ಹೊಣೆ ಹೊತ್ತು ರಾಜೀನಾಮೆ ಕೊಟ್ಟ. ಸಲಹೆಯ ಪೆಟ್ಟಿಗೆ ಬಂದದ್ದು ಅದರ ಮರುವರ್ಷ, 1951ರಲ್ಲಿ. ಮುಂದೆ ಸಟೋಷಿ ಕಮಾಟಾ ಎಂಬ ಪತ್ರಕರ್ತ ಅಲ್ಲಿಯೇ ಹಂಗಾಮಿ ಕೂಲಿಯಾಗಿ ಸೇರಿ ತಿಂಗಳುಗಳ ಕಾಲ ದುಡಿದು, ಲೈನಿನ ವೇಗಕ್ಕೆ ಮನುಷ್ಯನ ಮೈ ಹೇಗೆ ಸೋಲುತ್ತದೆ ಎಂಬುದನ್ನು 1973ರಲ್ಲಿ ಪುಸ್ತಕವಾಗಿ ಬರೆದ. ನಮ್ಮದೇ ರಾಜ್ಯದ ಬಿಡದಿಯ ಕಾರು ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಕೆಲಸ ನಿಂತು ಲಾಕೌಟ್ ಆದಾಗಲೂ ಕಾರ್ಮಿಕರ ದೂರುಗಳಲ್ಲಿ ಹೊರೆಯ ಮಾತು ಇತ್ತು. ಯಂತ್ರಕ್ಕೆ ಬೊಜ್ಜಿಲ್ಲ, ಗೋದಾಮಿಗೆ ಬೊಜ್ಜಿಲ್ಲ ಎಂದ ಮೇಲೆ ಕಾರ್ಮಿಕನ ಎಲುಬಿನ ಮೇಲಿನ ಮಾಂಸವನ್ನೇ ಬೊಜ್ಜೆಂದು ಲೆಕ್ಕ ಹಾಕುವವರು ಎಲ್ಲ ದೇಶದಲ್ಲಿಯೂ ಇದ್ದಾರೆ.

ಹಾಗಾದರೆ ಮೂರನೆಯ ದಾರಿ ಬರಿಯ ಕನಸೆ? ಅಲ್ಲ. ಎರಡು ನಿದರ್ಶನ ಕೊಡುತ್ತೇವೆ.

ಅಹಮದಾಬಾದಿನ ಕ್ಯಾಲಿಕೋ ಗಿರಣಿಯಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದರೂ ಎಣಿಸಿದಷ್ಟು ಬಟ್ಟೆ ಬರಲಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಬಂದು ನೋಡಿದರು. 224 ಮಗ್ಗ, 29 ಮಂದಿ, 12 ಬಗೆಯ ಕೆಲಸ. ಯಾರು ಯಾರ ಜೊತೆಗಾರ ಎಂಬುದೇ ಗೊತ್ತಿಲ್ಲ. ಮಗ್ಗದ ಒಂದು ಗುಂಪನ್ನು ಕಾರ್ಮಿಕರ ಒಂದು ಗುಂಪಿಗೆ ವಹಿಸಿದರೆ ಹೇಗೆ ಎಂಬ ಮಾತು ಬಂತು. ಕಾರ್ಮಿಕರು ಅದನ್ನು ಕೂಡಲೇ ತಮ್ಮದಾಗಿ ಮಾಡಿಕೊಂಡು ತಾವೇ ಗುಂಪು ಕಟ್ಟಿದರು. 64 ಮಗ್ಗಕ್ಕೆ ಏಳು ಮಂದಿಯ ಒಂದೊಂದು ತಂಡ. ಬಟ್ಟೆ ಹೆಚ್ಚಿತು, ಕೆಟ್ಟ ಮಾಲು ಇಳಿಯಿತು, ಕೂಲಿಯೂ ಏರಿತು. ಆದರೆ 1970ರ ಸುಮಾರಿಗೆ ಮತ್ತೆ ನೋಡಿದಾಗ ಕೆಲವು ಕಡೆ ತಂಡ ಉಳಿದಿತ್ತು, ಇನ್ನು ಕೆಲವು ಕಡೆ ಹಳೆಯ ಪದ್ಧತಿಯೇ ಮರಳಿತ್ತು. ಕಾವಲಿಲ್ಲದ ಹೊಲದಂತೆ, ಕಾಯುವವರಿಲ್ಲದ ಸುಧಾರಣೆಯೂ ಉಳಿಯುವುದಿಲ್ಲ.

ಎರಡನೆಯದು ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ ಕಾರ್ಖಾನೆಯನ್ನು ಟೊಯೋಟಾ ಜೊತೆಗೂಡಿ 1984ರಲ್ಲಿ ತೆರೆಯಿತು. ಹಳೆಯ ಕಾರ್ಮಿಕರೇ ಬಹುಮಂದಿ ಬಂದರು. ಅವರ ಸಂಘವೂ ಬಂತು. ಸಂಘ ಬರಿಯ ಮಾತನ್ನು ನಂಬಲಿಲ್ಲ, ಕರಾರಿನಲ್ಲಿ ಬರೆಸಿಕೊಂಡಿತು. ಕಷ್ಟಕಾಲ ಬಂದರೆ ಮೊದಲು ಮೇಲಿನ ಅಧಿಕಾರಿಗಳ ಸಂಬಳ ಕಡಿತವಾಗಬೇಕು, ಹೊರಗೆ ಕೊಟ್ಟ ಕೆಲಸ ಒಳಗೆ ಬರಬೇಕು. ಕಾರ್ಮಿಕನನ್ನು ಮನೆಗೆ ಕಳಿಸುವುದು ಕಟ್ಟಕಡೆಯದು. ಅಲ್ಲಿ ಲೈನಿನ ಉದ್ದಕ್ಕೂ ಒಂದು ಹಗ್ಗ. ತಪ್ಪು ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ಸರಿಯಾಗದಿದ್ದರೆ ಲೈನೇ ನಿಲ್ಲುತ್ತದೆ. ಸಾಕಿಚಿಯ ಮಗ್ಗ ಎಳೆ ಕಡಿದಾಗ ನಿಲ್ಲುತ್ತಿದ್ದಂತೆ! ಕೆಲವು ವರ್ಷದ ಮೇಲೆ ಕಾರು ಮಾರಾಟ ಕುಸಿದಾಗಲೂ ಕೆಲಸದಿಂದ ತೆಗೆಯಲಿಲ್ಲ. ಕಾರ್ಮಿಕರನ್ನು ತರಬೇತಿಗೆ ಕೂರಿಸಿದರು. ನಿಜ, ಪಾಲುದಾರರು ಒಬ್ಬರಾದ ಮೇಲೊಬ್ಬರು ಕೈಬಿಟ್ಟು 2010ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಕರಾರು ಎಲ್ಲವನ್ನೂ ತಡೆಯಲಾರದು. ಆದರೆ ಇಪ್ಪತ್ತೈದು ವರ್ಷಗಳ ಅನ್ನವೇನೂ ಸಣ್ಣ ಮಾತಲ್ಲ.

ಈಗ ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ. ಚೀಟಿ ಬರೆಯಿರಿ, ಆದರೆ ಮೊದಲನೆಯ ಚೀಟಿಯನ್ನು ಎಲ್ಲರೂ ಕೂಡಿ ಬರೆಯಿರಿ, ಕೆಳಗೆ ಎಲ್ಲರೂ ರುಜು ಹಾಕಿ. ಅದರಲ್ಲಿ ನಾಲ್ಕು ಮಾತು ಇರಲಿ. ಸಲಹೆಯಿಂದ ಉಳಿದ ವೇಳೆಗಾಗಿ ಕಾಯಂ ಆಗಲಿ ಬದಲಿಯಾಗಲಿ ಗುತ್ತಿಗೆಯವನಾಗಲಿ ಒಬ್ಬನೂ ಕೆಲಸ ಕಳೆದುಕೊಳ್ಳಕೂಡದು. ಉಳಿತಾಯದ ಲೆಕ್ಕವನ್ನು ಪ್ರತಿ ತಿಂಗಳೂ ಅದೇ ಹಲಗೆಯ ಮೇಲೆ ಹಾಕಬೇಕು, ಅದರಲ್ಲಿ ಕೂಲಿಗೆ ಗೊತ್ತಾದ ಪಾಲು ಸೇರಬೇಕು. ಅಪಾಯ ಕಂಡಾಗ, ತಪ್ಪು ಕಂಡಾಗ ಯಂತ್ರ ನಿಲ್ಲಿಸುವ ಹಕ್ಕು ಕಾರ್ಮಿಕನಿಗಿರಬೇಕು, ಅದಕ್ಕೆ ದಂಡವಿರಕೂಡದು. ಹೊರೆ ಬದಲಾಯಿಸುವ ಮುನ್ನ ಸಂಘದೊಡನೆ ಕೂತು ಮಾತನಾಡಬೇಕು. ಈ ನಾಲ್ಕಕ್ಕೆ ಬರವಣಿಗೆಯಲ್ಲಿ ಒಪ್ಪಿಗೆ ಬಂದ ದಿನ ಪೆಟ್ಟಿಗೆ ತುಂಬುವಷ್ಟು ಸಲಹೆ ಕೊಡಿ. ನಿಮ್ಮಲ್ಲಿ ಅಷ್ಟು ಸರಕಿದೆ ಎಂಬುದು ನಮಗೆ ಗೊತ್ತು. ಒಪ್ಪದಿದ್ದರೆ, ಆ ಪೆಟ್ಟಿಗೆ ಯಾಕೆ ಬಂದಿದೆ ಎಂಬುದೂ ಎಲ್ಲರಿಗೂ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ನಮ್ಮ ಸಂಘದ ಸಭೆ ಆರು ಗಂಟೆಗೆಂದು ಸಾರಿ ಏಳೂವರೆಗೆ ಆರಂಭಿಸುತ್ತೇವೆ. ಪಾಳಿ ಮುಗಿಸಿ ದಣಿದು ಬಂದ ಹೆಣ್ಣುಮಕ್ಕಳು ಒಂದೂವರೆ ಗಂಟೆ ಕಾಯುತ್ತಾರೆ. ಓನೋನ ಪಟ್ಟಿಯಲ್ಲಿ ಕಾಯುವುದೂ ಒಂದು ವ್ಯರ್ಥ ಎಂದೆವಷ್ಟೆ. ಧಣಿಯಿಂದ ಲೆಕ್ಕ ಕೇಳುವವರು ತಮ್ಮ ಮನೆಯ ಲೆಕ್ಕವನ್ನೂ ಸರಿ ಇಟ್ಟುಕೊಳ್ಳಬೇಕು. ಮುಂದಿನ ಭಾನುವಾರ ಸರಿಯಾಗಿ ಆರು ಗಂಟೆಗೆ ಸೇರೋಣ. ಆ ನಾಲ್ಕು ಮಾತಿನ ಚೀಟಿಯನ್ನು ಅಂದೇ ಬರೆದು, ಸೋಮವಾರದ ಮೊದಲ ಪಾಳಿಗೆ ಪೆಟ್ಟಿಗೆಗೆ ಹಾಕೋಣ.