ಆಟದಲ್ಲಿ ಪಕ್ಷಪಾತ
(ಶಾಲಾ ಕ್ರೀಡಾದಿನದಂದು ಮಾಡಿದ ಭಾಷಣ)



ಕ್ರೀಡೆಯ ಮಹತ್ತ್ವವನ್ನು ಕುರಿತು ಮಾತನಾಡಬೇಕೆಂದು ಸಂಘದವರು ನಮಗೆ ಅಪ್ಪಣೆಮಾಡಿದ್ದಾರೆ. ಆ ಮಹತ್ತ್ವವನ್ನು ನೀವು ಪ್ರತಿವರ್ಷವೂ ಕೇಳುತ್ತಿದ್ದೀರಿ. ಆದುದರಿಂದ ವೇದಿಕೆಯಿಂದ ಸಾಮಾನ್ಯವಾಗಿ ಯಾರೂ ಆಡದ ಮಾತೊಂದನ್ನು ಎತ್ತಿಕೊಳ್ಳುತ್ತೇವೆ: ಆಟ ಕಲಿಸುವವರೇ ಪಕ್ಷಪಾತ ಮಾಡಿದರೆ ಆಡುವ ಮಕ್ಕಳು ಏನು ಮಾಡಬೇಕು?

ನಾವು ಹೈಸ್ಕೂಲಿನಲ್ಲಿ ಕಾಲ್ಚೆಂಡಾಡುತ್ತಿದ್ದಾಗ ನಮಗೆ ಅಂತಹ ಶಿಕ್ಷಕರೊಬ್ಬರಿದ್ದರು. ಊರು, ಹೆಸರು ಇಲ್ಲಿ ಬೇಡ. ಗಣ್ಯರ ಮಕ್ಕಳಿಗೆ ಮುಂಪಡೆಯ ಸ್ಥಾನಗಳು ಮೊದಲೇ ನಿಶ್ಚಿತವಾಗಿದ್ದುವು. ಎಡಗಾಲಿನಿಂದ ಚೆಂಡನ್ನು ಹೇಳಿದಲ್ಲಿಗೆ ಮುಟ್ಟಿಸಬಲ್ಲ, ಬೀಡಿ ಕಟ್ಟುವವರ ಮನೆಯ ಹುಡುಗನೊಬ್ಬನು ಎರಡು ವರ್ಷ ಗೆರೆಯಾಚೆ ನಿಂತು ಇತರರ ಅಂಗಿಗಳನ್ನು ಕಾಯುತ್ತಿದ್ದನು. ಸೋತ ದಿನ ಬೈಗುಳೆಲ್ಲ ಗೋಲ್‌ಕೀಪರನ ಪಾಲಿಗೆ.

ಆಟವನ್ನೇ ಬಿಡೋಣವೆಂದರು ಕೆಲವರು. ಬಿಡಲಿಲ್ಲ. ಸುಗ್ಗಿಯ ಕೊಯ್ಲಾದ ಗದ್ದೆಯಲ್ಲಿ, ಶಾಲೆಗೆ ಮುಂಚೆ, ನಾವೇ ಕೂಡತೊಡಗಿದೆವು. ಅಲ್ಲಿ ಆ ಹುಡುಗನು ನಡುವೆ ನಿಂತು ಚೆಂಡು ಹಂಚುತ್ತಿದ್ದನು. ಗಣ್ಯರ ಮಕ್ಕಳೂ ಬಂದರು. ಅವರಲ್ಲಿ ಒಳ್ಳೆಯ ಆಟಗಾರರಿದ್ದರೆಂದು ಹೇಳದಿದ್ದರೆ ನಾವೂ ಪಕ್ಷಪಾತಿಗಳಾದೇವು. ತಂಡದ ನಾಯಕನು, ಆ ಪಕ್ಷಪಾತದಿಂದ ಲಾಭ ಪಡೆದವನೇ ಆಗಿದ್ದರೂ, ಮುಖ್ಯೋಪಾಧ್ಯಾಯರಲ್ಲಿಗೆ ಹೋಗಿ ಎಲ್ಲರಿಗೂ ಅವಕಾಶ ದೊರೆಯಬೇಕೆಂದು ವಿನಯದಿಂದ ಕೇಳಿಕೊಂಡನು. ವರ್ಷದ ಕೊನೆಯ ಪಂದ್ಯದಲ್ಲಿ ಹುಡುಗನಿಗೆ ಅರ್ಧ ಆಟ ಸಿಕ್ಕಿತು. ಪಂದ್ಯವನ್ನು ಸೋತೆವು, ಶಿಕ್ಷಕರೂ ಬದಲಾಗಲಿಲ್ಲ. ಆದರೆ ಅಂದು ಅವರು ಗೋಲ್‌ಕೀಪರನನ್ನು ಬೈಯತೊಡಗಿದಾಗ ಉಳಿದ ಹತ್ತು ಮಂದಿಯೂ ಅವನ ಪಕ್ಕಕ್ಕೆ ಹೋಗಿ ನಿಂತೆವು. ಬೈಗುಳು ಅರ್ಧಕ್ಕೇ ನಿಂತಿತು.

ತಂಡವನ್ನು ನಡೆಸುವ ಬಗೆ ಬೇರೆಯೂ ಇದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ಶಾಲಾ ಉಪಾಧ್ಯಾಯರಾಗಿದ್ದವರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಅವರು ಭಾರತ ತಂಡವನ್ನು ಕೊಂಡೊಯ್ದಾಗ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದೆದುರು 0-2ರ ಸೋಲಾಯಿತು. ಇಸ್ರೇಲ್ ಮತ್ತು ತೈವಾನುಗಳನ್ನು ಕೂಟದಿಂದ ಹೊರಗಿಟ್ಟುದನ್ನು ಭಾರತದ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಪ್ರೇಕ್ಷಕರು ಕೆರಳಿ ನಮ್ಮ ಆಟಗಾರರನ್ನು ಮೂದಲಿಸುತ್ತಿದ್ದರು. ಅದರಲ್ಲಿ ಆಟಗಾರರ ತಪ್ಪೇನು? ರಕ್ಷಣೆಯ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ರಹೀಮರು ಅವರನ್ನು ಸೆಮಿಫೈನಲಿನಲ್ಲಿ ಮುಂಪಡೆಗೆ ತಂದು ಆಡಿಸಿದರು. ಸೆಪ್ಟೆಂಬರ್ 4ರಂದು ಫೈನಲಿನಲ್ಲಿ ಅದೇ ಕೊರಿಯವನ್ನು 2-1ರಿಂದ ಗೆದ್ದಾಗ ಗೋಲು ಹೊಡೆದವರು ಪಿ. ಕೆ. ಬ್ಯಾನರ್ಜಿ ಮತ್ತು ಆ ಜರ್ನೈಲ್ ಸಿಂಗರು. ರಹೀಮರು ಆಗಲೇ ಕ್ಯಾನ್ಸರಿನಿಂದ ಬಳಲುತ್ತಿದ್ದರು. 1963ರ ಜೂನಿನಲ್ಲಿ ತೀರಿಕೊಂಡರು.

ಪೋಷಕರಲ್ಲಿ ಒಂದು ಬಿನ್ನಹ. ಮಗನೋ ಮಗಳೋ ಮನೆಗೆ ಬಂದು "ನನ್ನನ್ನು ಆಡಿಸಲಿಲ್ಲ" ಎಂದರೆ ಒಡನೆಯೇ ಜಗಳಕ್ಕೆ ಹೊರಡಬೇಡಿರಿ. "ಗುರುಗಳು ಮಾಡಿದ್ದೇ ಸರಿ" ಎಂದು ಬಾಯಿ ಮುಚ್ಚಿಸಲೂ ಬೇಡಿರಿ. ಒಂದು ಸಂಜೆ ಮೈದಾನದ ಬದಿಯಲ್ಲಿ ನಿಂತು ನೋಡಿರಿ. ಶಿಸ್ತಿನ ಶಿಕ್ಷಕರು ಎಲ್ಲರನ್ನೂ ಓಡಿಸುತ್ತಾರೆ, ಪಕ್ಷಪಾತಿಗಳು ಕೆಲವರನ್ನು ಮಾತ್ರ. ಅರ್ಧ ಗಂಟೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಪಕ್ಷಪಾತವೇ ಎಂದಾದರೆ ಮುಖ್ಯೋಪಾಧ್ಯಾಯರಲ್ಲಿ ಮಾತನಾಡಿರಿ, ಗೆರೆಯಾಚೆ ನಿಂತ ಇತರ ಮಕ್ಕಳ ತಂದೆತಾಯಿಗಳನ್ನೂ ಜೊತೆಗೆ ಕರೆದುಕೊಂಡು.

ಮೈದಾನದಲ್ಲಿ ಸುಣ್ಣದ ಗೆರೆ ಎಳೆದಾಗಿದೆ, ಮಕ್ಕಳು ಚಡಪಡಿಸುತ್ತಿದ್ದಾರೆ.